ಅತ್ತೆಗೊಬ್ಬ ಹೊಣೆಗಾರ

ಸಕಲ ರಂಪಕ್ಕೂ ಕಾರಣ ಒಂದು ಸ್ಟೂಲು. ಅದರ ಒಂದು ಕಾಲು ಗಿಡ್ಡ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು, ಸ್ಟೂಲಿಗೂ ಗೊತ್ತಿತ್ತು. ಆದರೂ ಅತ್ತೆ ಅದನ್ನು ಹತ್ತಿದರು. ಕಪಾಟಿನ ನೆತ್ತಿಯ ಮೇಲಿದ್ದ ಗುಂಡಿಯ ಡಬ್ಬಿ ಬೇಕಿತ್ತಂತೆ. ಅಳಿಯ ಮನೆಗೆ ಬರುವ ತನಕ ಕಾಯಬಾರದಿತ್ತೇ ಎಂದು ಕೇಳಿದವರಿಗೆಲ್ಲ, "ಅವನು ಬಂದ್ರೆ ಹತ್ತೋಕೆ ಬಿಡ್ತಾನಾ?" ಎಂದು ತಿರುಗಿ ಕೇಳುತ್ತಿದ್ದರು. ಡಬ್ಬಿ ಕೈಗೆ ಬಂತು, ಕೈ ನೆಲಕ್ಕೆ ಬಂತು. ಎಡಗೈಯ ಮಣಿಕಟ್ಟು ಮುರಿಯಿತು.

ಅಳಿಯನಿಗೆ ಪೇಟೆಯಲ್ಲೆಲ್ಲ ರಿಪೇರಿ ಎಂದೇ ಹೆಸರು. ಹೊಲಿಗೆ ಮಷೀನು ರಿಪೇರಿ ಅವನ ಕಸುಬು. ಪ್ರಾಯದಲ್ಲಿದ್ದಾಗ, ಈ ಅತ್ತೆಯ ಮಷೀನು ದಾರ ನುಂಗುತ್ತದೆ ಎಂದು ನೋಡಲು ಬಂದವನು ಮಷೀನಿನ ಹಿಂದೆ ಕೂತಿದ್ದ ಮಗಳನ್ನೂ ನೋಡಿದ. ಆಮೇಲೆ ಆ ಮಷೀನು ಬೇಗ ಸರಿಹೋಗದ ಹಾಗೆ ನೋಡಿಕೊಂಡ. "ಬೇರೆಯವರ ಮನೆ ಅಳಿಯ ಮಗಳನ್ನ ಕರ್ಕೊಂಡು ಹೋಗ್ತಾನೆ. ನನ್ನ ಅಳಿಯ ಸ್ಕ್ರೂಡ್ರೈವರ್ ಸಮೇತ ಇಲ್ಲೇ ಬಂದು ಕೂತ" ಎಂದು ಅತ್ತೆ ಈಗಲೂ ಹೇಳುತ್ತಾರೆ. ಅವನನ್ನು ಅವರು ಕರೆಯುವುದು ಏಕವಚನದಲ್ಲೇ. ಬಹುವಚನ ಬಂತೆಂದರೆ ಸಿಟ್ಟು ಬಂದಿದೆ ಎಂದು ತಿಳಿಯಬೇಕು.

ಆ ಮಗಳು ಈಗಿಲ್ಲ. ತೀರಿಕೊಂಡು ನಾಲ್ಕು ವರ್ಷವಾಯಿತು. ಆದರೆ ಈ ಮಾತನ್ನು ಆ ಮನೆಯ ಹೊಸ್ತಿಲೊಳಗೆ ಯಾರೂ ಆಡುವುದಿಲ್ಲ. ಎಲ್ಲ ಮುಗಿದು ಬಂಧುಬಳಗ ಹೊರಟುಹೋದ ಮಾರನೆಯ ದಿನ, ಬ್ಲೌಸು ಹೊಲಿಯಲು ಕೊಟ್ಟಿದ್ದವಳೊಬ್ಬಳು ವಿಷಯ ತಿಳಿಯದೆ ಬಂದು, "ಅಕ್ಕ ಇಲ್ವಾ?" ಎಂದು ಕೇಳಿದ್ದಳು. ಅಡುಗೆಮನೆಯಿಂದ ಅತ್ತೆ, ಪಡಸಾಲೆಯಿಂದ ಅಳಿಯ, ಇಬ್ಬರೂ ಒಂದೇ ಉಸಿರಿಗೆ, "ಹೊರಗೆ ಹೋಗಿದಾಳೆ" ಎಂದರು. ಅಂದು ಹೊರಗೆ ಹೋದವಳು ಇನ್ನೂ ಹೊರಗೇ ಇದ್ದಾಳೆ. ಅತ್ತೆ ಅಳಿಯಂದಿರ ಜಗಳವೆಲ್ಲ ಅವಳ ಮೂಲಕವೇ. "ನೋಡೇ, ನಿನ್ನ ಗಂಡ ಮತ್ತೆ ನನ್ನ ಕಾಫಿ ಸಕ್ಕರೆ ಕದ್ದಿದಾನೆ" ಎಂದು ಅತ್ತೆ ಬಾಗಿಲ ಕಡೆ ಮುಖ ಮಾಡಿ ದೂರುತ್ತಾರೆ. "ಡಾಕ್ಟರು ಬೇಡ ಅಂದಿದಾರೆ ಅಂತ ನಿಮ್ಮಮ್ಮನಿಗೆ ಹೇಳು" ಎಂದು ಅಳಿಯ ಅದೇ ಬಾಗಿಲಿಗೆ ಉತ್ತರ ಕೊಡುತ್ತಾನೆ. ಬಾಗಿಲು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಅದು ಅವಳ ಗುಣವೂ ಆಗಿತ್ತು.

ಮುರಿದ ಕೈಯ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಕೌಂಟರಿನ ಹುಡುಗಿ ಕೇಳಿದಳು:

"ನೀವು ಇವರಿಗೆ ಏನಾಗ್ಬೇಕು?"

"ಅಳಿಯ."

"ರಕ್ತಸಂಬಂಧದವರು ಯಾರಾದ್ರೂ?"

"ಇವರ ಮಗಳ ಗಂಡ ನಾನು."

"ಅಳಿಯ ಅಲ್ಲ ಮಗಳ ಗಂಡ ಅಂದ ಹಾಗಾಯ್ತು. ಮಗಳೆಲ್ಲಿ?"

"ಹೊರಗೆ ಹೋಗಿದಾಳೆ."

"ಸರಿ ಹಾಗಾದ್ರೆ. ಅವರು ಬಂದ್ಮೇಲೆ ಸಹಿ ಹಾಕ್ಲಿ. ಕೂತ್ಕೊಳ್ಳಿ."

ಕೂತರು. ಮಣಿಕಟ್ಟು ಬದನೆಕಾಯಿಯಂತೆ ಊದಿತು. ಕೊನೆಗೆ ಆಸ್ಪತ್ರೆಯವರೇ ಎಲ್ಲೆಲ್ಲೋ ಹುಡುಕಿ ದೂರದೂರಿನಲ್ಲಿದ್ದ ಅತ್ತೆಯ ಅಕ್ಕನ ಮಗನೊಬ್ಬನನ್ನು ಫೋನಿನಲ್ಲಿ ಹಿಡಿದರು. ಅವನು ಕೇಳಿದ ಮೊದಲ ಪ್ರಶ್ನೆ, "ಚಿಕ್ಕಮ್ಮ ಇನ್ನೂ ಇದಾರಾ?" ಎಂಬುದು. ಇದ್ದಾರೆ ಎಂದು ಖಾತ್ರಿಯಾದ ಮೇಲೆ ಒಪ್ಪಿಗೆ ಕೊಟ್ಟ. ಅಷ್ಟಕ್ಕೇ ಬಿಡಲಿಲ್ಲ. ಆ ಮೇಲೆ ವಾರವಾರವೂ ಫೋನು ಮಾಡತೊಡಗಿದ. "ಒಂದು ಒಳ್ಳೆ ವೃದ್ಧಾಶ್ರಮ ನೋಡಿದೀನಿ. ಇನ್ನೊಂದ್ಸಲ ಬಿದ್ರೆ ನಾನೇ ಬಂದು ಸೇರಿಸ್ತೀನಿ. ನಿಮಗೂ ಪಾಪ ಯಾಕೆ ತೊಂದ್ರೆ? ನೀವು ಹೊರಗಿನವರು."

ಹೊರಗಿನವನು ಎಂಬ ಆ ಒಂದು ಮಾತು ರಿಪೇರಿಯ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಉಳಿದುಬಿಟ್ಟಿತು. ಅತ್ತೆಯನ್ನು ಒಯ್ದರೆ ಮನೆ ಖಾಲಿಯಾಗುತ್ತದೆ, ಅದು ಹೋಗಲಿ. ಆದರೆ ಅವಳು ಹೊರಗೆ ಹೋಗಿದ್ದಾಳೆ ಎಂದು ಹೇಳಲು ಈ ಲೋಕದಲ್ಲಿ ಇದ್ದದ್ದು ಎರಡೇ ಬಾಯಿ. ಒಂದು ಬಾಯಿ ಹೋದರೆ ಇನ್ನೊಂದು ಎಷ್ಟು ದಿನ ಹೇಳೀತು? ಯಾರ ಹತ್ತಿರ ಹೇಳೀತು?

ಮಹಡಿ ಮೇಲಿನ ಮನೆಯ ನಿವೃತ್ತ ಕೋರ್ಟ್ ಗುಮಾಸ್ತರಿಗೆ ಇದು ತಿಳಿದದ್ದೇ ತಡ, ಹಸಿದವನಿಗೆ ಊಟದ ಎಲೆ ಕಂಡಂತಾಯಿತು. ಬೀದಿಯವರು ಅವರನ್ನು ಲಾ ಪಾಯಿಂಟ್ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಅವರು ಕೋರ್ಟಿನಲ್ಲಿ ಕೂಗಿದ್ದು ಇನ್ನೊಬ್ಬರ ಹೆಸರನ್ನು, ತಮ್ಮ ಮಾತನ್ನು ಆಡಿರಲಿಲ್ಲ. ಆ ಬಾಕಿಯನ್ನು ಈಗ ತೀರಿಸುತ್ತಿದ್ದರು.

"ಬಹಳ ಸುಲಭ ರಿಪೇರಿ! ಬುದ್ಧಿ ಸ್ತಿಮಿತದಲ್ಲಿರುವಾಗಲೇ ಅಮ್ಮ ನಿನ್ನನ್ನ ಹೊಣೆಗಾರ ಅಂತ ಬರ್ಕೊಟ್ರೆ ಆಯ್ತು. ಆಸ್ಪತ್ರೆ, ಬ್ಯಾಂಕು, ಮನೆ, ಎಲ್ಲಾದಕ್ಕೂ ನಿನ್ನ ಸಹಿ. ಅಕ್ಕನ ಮಗ ಅಲ್ಲ, ಅಕ್ಕನೇ ಎದ್ದು ಬಂದ್ರೂ ಏನೂ ಮಾಡೋ ಹಾಗಿಲ್ಲ. ನೋಂದಣಿ ಕಚೇರೀಲಿ ಗುರುವಾರ ಡಾಕ್ಟರೂ ಕೂತಿರ್ತಾರೆ. ಒಂದೇ ಏಟಿಗೆ ಕೆಲಸ. ಸಾಕ್ಷಿಗೆ ನಾನಿದೀನಿ, ಪಾರ್ಲರ್ ಅಕ್ಕ ಇದಾಳೆ."

ಹೀಗೆ ಗುರುವಾರ ಬಂತು.

ಬೆಳಿಗ್ಗೆ ರಿಪೇರಿ ಅತ್ತೆಯ ತಲೆ ಬಾಚಲು ಕೂತರೆ ಲಾ ಪಾಯಿಂಟ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದೇಬಿಟ್ಟರು. ಕುರ್ಚಿ ಎಳೆದುಕೊಂಡು ಅತ್ತೆಯ ಮುಂದೆ ಕೂತು ಗಂಟಲು ಸರಿಮಾಡಿಕೊಂಡರು.

"ಅಮ್ಮಾ, ನಾನೇ ಅಧಿಕಾರಿ ಅಂತ ತಿಳ್ಕೊಳ್ಳಿ."

"ಅಷ್ಟು ಸುಲಭಕ್ಕೆ ತಿಳ್ಕೊಳ್ಳೋಕಾಗಲ್ಲ. ಆದ್ರೂ ಕೇಳು."

"ನಿಮ್ಮನ್ನ ಯಾರಾದ್ರೂ ಹೆದರಿಸಿ ಬೆದರಿಸಿ ಇಲ್ಲಿಗೆ ಕರ್ಕೊಂಡು ಬಂದಿದಾರಾ?"

"ಹ್ಞೂಂ. ನೀನು."

"ಅಯ್ಯೋ, ಹಾಗನ್ಬಾರ್ದು! 'ಸ್ವಇಚ್ಛೆಯಿಂದ ಬಂದಿದೀನಿ' ಅನ್ಬೇಕು. ಈಗ, ನಿಮ್ಮ ಅಳಿಯನ ಮೇಲೆ ನಿಮಗೆ ಪೂರ್ತಿ ನಂಬಿಕೆ ಇದೆಯಾ?"

ಅತ್ತೆ ಬಾಗಿಲ ಕಡೆ ತಿರುಗಿದರು. "ಕೇಳಿಸ್ತೇನೇ? ಸಕ್ಕರೆ ವಿಷಯ ಹೇಳ್ಲಾ ಇವರಿಗೆ?"

ಬೀದಿಯವರೆಲ್ಲರಿಗೂ ಈ ಬಾಗಿಲಿನ ವಿಷಯ ಗೊತ್ತು, ಎದುರಿಗೆ ಯಾರೂ ಎತ್ತುವುದಿಲ್ಲ. ಲಾ ಪಾಯಿಂಟ್ ಬಾಗಿಲಿಗೆ ಒಂದು ಸಣ್ಣ ನಮಸ್ಕಾರ ಮಾಡಿದಂತೆಯೂ ಕಂಡಿತು. ಮಕ್ಕಳ ಬಗ್ಗೆ ಕೇಳಬೇಕಾಗಿದ್ದ ಪ್ರಶ್ನೆಯನ್ನು ನುಂಗಿಕೊಂಡು ಎದ್ದರು.

ಅಷ್ಟರಲ್ಲಿ ಪಕ್ಕದ ಮನೆಯಿಂದ ಪಾರ್ಲರ್ ಅಕ್ಕ ಬಂದಳು. ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತು, "ಹೀಗೇ ಕರ್ಕೊಂಡು ಹೋಗ್ತೀರಾ?" ಎಂದಳು.

"ಏನಾಗಿದೆ?" ಎಂದ ರಿಪೇರಿ.

"ರಿಪೇರಿಯಣ್ಣಾ, ನಿಮಗೆ ಮಷೀನು ಗೊತ್ತು, ಮನುಷ್ಯರು ಗೊತ್ತಿಲ್ಲ. ಅಮ್ಮನ್ನ ನೋಡಿದ ತಕ್ಷಣ ಅಧಿಕಾರಿಗೆ 'ಓ, ಈಕೆ ಗಟ್ಟಿ' ಅನಿಸ್ಬೇಕು. ಈ ಬೆಳ್ಳಿತಲೆ ನೋಡಿದ್ರೆ ಪ್ರಶ್ನೆ ಕೇಳೋಕ್ಮುಂಚೆನೇ ಬುದ್ಧಿ ಸರಿಯಿಲ್ಲ ಅಂತ ಬರೀತಾರೆ. ಅರ್ಧ ಗಂಟೆ ಕೊಡಿ ನಂಗೆ."

ಬೇಡ ಎನ್ನಲು ರಿಪೇರಿ ಬಾಯಿ ತೆರೆದ. ಅತ್ತೆ ಆಗಲೇ ಕಾಲಿಗೆ ಚಪ್ಪಲಿ ಮೆಟ್ಟುತ್ತಿದ್ದರು. ಅರ್ಧ ಗಂಟೆ ಎಂಬುದು ಪಾರ್ಲರುಗಳಲ್ಲಿ ಬೇರೆಯೇ ಅಳತೆ. ಅತ್ತೆ ಹೊರಗೆ ಬಂದಾಗ ರಿಪೇರಿ ಅವರನ್ನು ದಾಟಿ ಹಿಂದೆ ನೋಡಿದ, ಅತ್ತೆ ಎಲ್ಲಿ ಎಂದು. ಕೂದಲು ಇದ್ದಿಲಿನಂತೆ ಕಪ್ಪಾಗಿ ಮಿಂಚುತ್ತಿತ್ತು. ಹುಬ್ಬು ಕಮಾನಿನಂತೆ ಎದ್ದಿತ್ತು. ಎಪ್ಪತ್ತೆಂಟರ ಅತ್ತೆ ಐವತ್ತೈದಕ್ಕೆ ಇಳಿದಿದ್ದರು. ಅವರ ಪಕ್ಕದಲ್ಲಿ, ಅತ್ತೆಯ ಕೈ ಮುರಿದಂದಿನಿಂದ ಸರಿಯಾಗಿ ಗಡ್ಡ ಹೆರೆಯದೆ, ನಿದ್ದೆಗೆಟ್ಟು, ತಲೆಯೆಲ್ಲ ಹಿಂಜಿದ ಹತ್ತಿಯಂತೆ ಬೆಳ್ಳಗಾಗಿದ್ದ ರಿಪೇರಿಯೇ ಅವರಿಗಿಂತ ಹತ್ತು ವರ್ಷ ಹಿರಿಯನಂತೆ ಕಾಣುತ್ತಿದ್ದ.

ಆಟೋದವನು ಬಂದವನೇ ಇಳಿದು ರಿಪೇರಿಯ ತೋಳು ಹಿಡಿದು, "ನಿಧಾನ ಯಜಮಾನ್ರೇ, ತಲೆ ಬಗ್ಗಿಸಿ" ಎಂದ. ಅತ್ತೆಗೆ, "ನೀವು ಹತ್ತಿ ಅಕ್ಕಾ" ಎಂದ. ಅತ್ತೆ ದಾರಿಯುದ್ದಕ್ಕೂ ಆಟೋದ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತ ಕೂತರು. ಒಮ್ಮೆ ಮಾತ್ರ ಮೆಲ್ಲಗೆ, "ನಮ್ಮ ಹುಡುಗಿ ನೋಡಿದ್ರೆ ನಗ್ತಾಳೆ ಅಲ್ವೇನೋ?" ಎಂದರು. "ಬಿದ್ದು ಬಿದ್ದು ನಗ್ತಾಳೆ" ಎಂದ ರಿಪೇರಿ. ಆ ನಗು ಹೇಗಿರುತ್ತಿತ್ತೆಂದು ಇಬ್ಬರಿಗೂ ಗೊತ್ತಿತ್ತು. ತುಟಿಯ ನಡುವೆ ದಾರದ ತುಂಡು ಕಚ್ಚಿಕೊಂಡೇ ನಗುವಳು. ದಾರ ಗಂಟಲಿಗೆ ಹೋದೀತೆಂದು ಇವನು ಬೈಯುವನು. ಬೈದಷ್ಟೂ ನಗುವಳು. ಆಮೇಲೆ ಇಬ್ಬರೂ ಬೇರೆ ಬೇರೆ ಕಡೆಯ ಬೀದಿಯನ್ನು ನೋಡಿದರು.

ನೋಂದಣಿ ಕಚೇರಿ ಮೊದಲನೆಯ ಮಹಡಿಯಲ್ಲಿತ್ತು. ಲಿಫ್ಟಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂಬ ಹಲಗೆ. ಹಲಗೆಯ ಮೇಲೆ ಕೂತಿದ್ದ ಧೂಳು ನೋಡಿದರೆ ಆ ದುರಸ್ತಿಗೂ ನಿವೃತ್ತಿಯ ವಯಸ್ಸಾಗಿತ್ತು. ನಡೆಯಲಾಗದವರಿಗೆ ಗಾಲಿಕುರ್ಚಿ ಇದೆಯೇ ಎಂದು ಕೇಳಿದರೆ ಕಾವಲಿನವನು ಹೆಮ್ಮೆಯಿಂದ, "ಇದೆ. ಮೇಲಿದೆ" ಎಂದ.

"ಮೇಲೆ ಹತ್ತೋಕಾಗದವರಿಗೆ ಅಂತ ಮೇಲೆ ಇಟ್ಟಿದೀರಾ?"

"ಕೆಳಗಿಟ್ರೆ ಜನ ಕೂತ್ಕೊಂಡ್ಬಿಡ್ತಾರೆ ಸಾರ್."

ರಿಪೇರಿ ಮೇಲೆ ಓಡಿ ಕುರ್ಚಿಯನ್ನು ಎತ್ತಿಕೊಂಡು ಮೆಟ್ಟಿಲಿಳಿಯತೊಡಗಿದ. ಲಾ ಪಾಯಿಂಟ್ ಕೆಳಗೆ ನಿಂತು, "ಎಡಕ್ಕೆ! ಬಲಕ್ಕೆ! ನಿನ್ನ ಬಲ ಅಲ್ಲ, ನನ್ನ ಬಲ!" ಎಂದು ದಾರಿ ತೋರಿಸಿದರು. ಯಾರ ಬಲಕ್ಕೆ ಎಂದು ಯೋಚಿಸುತ್ತ ರಿಪೇರಿ ಕೊನೆಯ ಮೆಟ್ಟಿಲು ಮರೆತ. ಕುರ್ಚಿ ಲಕ್ಷಣವಾಗಿ ನಾಲ್ಕೂ ಗಾಲಿಯ ಮೇಲೆ ನಿಂತಿತು. ಇವನು ಅದರ ಪಕ್ಕದಲ್ಲಿ ಕುಪ್ಪೆಯಾದ. ಪಾದ ಉಳುಕಿ ನೆಲಕ್ಕೆ ಊರಲಾಗಲಿಲ್ಲ.

"ಏಳಯ್ಯಾ" ಎಂದರು ಅತ್ತೆ.

"ಆಗ್ತಿಲ್ಲ ಅತ್ತೆ."

"ಹಾಗಾದ್ರೆ ಕುರ್ಚಿ ತಂದಿದ್ದು ಒಳ್ಳೇದೇ ಆಯ್ತು. ಕೂತ್ಕೋ."

ಹೀಗೆ ಮೆರವಣಿಗೆ ಹೊರಟಿತು. ಕಾವಲಿನವನೂ ಜವಾನನೂ ರಿಪೇರಿಯನ್ನು ಕುರ್ಚಿ ಸಮೇತ ಹೊತ್ತು ಮೆಟ್ಟಿಲೇರಿದರು. ಹಿಂದಿನಿಂದ ಅತ್ತೆ ಊರುಗೋಲನ್ನು ಕಂಕುಳಲ್ಲಿ ಇಟ್ಟುಕೊಂಡು, ಪಾರ್ಲರ್ ಅಕ್ಕನ ಭುಜ ಹಿಡಿದು, ಹೊಸ ಹುಬ್ಬು ಎತ್ತಿ ನಡೆದು ಬಂದರು. ಕೌಂಟರಿನ ಗುಮಾಸ್ತ ತಲೆಯೆತ್ತಿ ನೋಡಿ, "ಅಜ್ಜನ ಕಡೆಯವರು ಯಾರು?" ಎಂದು ಕೇಳಿದ.

"ನಾನು" ಎಂದರು ಅತ್ತೆ.

ಲಾ ಪಾಯಿಂಟ್ ತಮ್ಮ ಇಡೀ ಅನುಭವ ಬಳಸಿ ಇವರಲ್ಲಿ ಯಾರು ಯಾರೆಂದು ಬಿಡಿಸಿ ಹೇಳುವ ಹೊತ್ತಿಗೆ ಗುಮಾಸ್ತನ ಟೀ ಆರಿತ್ತು.

ಅಧಿಕಾರಿ ಒಬ್ಬ ಹೆಂಗಸು. ನೆಗಡಿಯಾಗಿತ್ತು. ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಮಾತಾಡುತ್ತಿದ್ದರು. ಪಕ್ಕದ ಮೇಜಿನಲ್ಲಿ ತರುಣ ಡಾಕ್ಟರೊಬ್ಬರು ಕೂತಿದ್ದರು. "ಬರೆದುಕೊಡೋರು ಒಳಗಿರ್ಲಿ, ಮಿಕ್ಕವರೆಲ್ಲ ಹೊರಗೆ. ಅದು ನಿಯಮ. ಹಿರಿಯರು ಯಾರ ಭಯವೂ ಇಲ್ದೆ ಮಾತಾಡ್ಬೇಕು" ಎಂದರು ಅಧಿಕಾರಿ. ಜವಾನ ರಿಪೇರಿಯ ಕುರ್ಚಿಯನ್ನು ತಳ್ಳಿ ಪಡಸಾಲೆಯ ಗೋಡೆಗೆ ಆನಿಸಿ ನಿಲ್ಲಿಸಿದ.

ಒಳಗಿಗೂ ಹೊರಗಿಗೂ ನಡುವೆ ತೆಳು ಹಲಗೆಯ ಗೋಡೆ. ಲಾ ಪಾಯಿಂಟ್ ಅದಕ್ಕೆ ಕಿವಿ ಅಂಟಿಸಿದರು.

"ಇಸವಿ ಯಾವುದು ಅಂತ ಕೇಳಿದ್ರು, ಹೇಳಿದ್ರು. ದಿನ ಯಾವುದು ಅಂತ ಕೇಳಿದ್ರು, ಹೇಳಿದ್ರು. ಆಹಾ, ತಿಥಿನೂ ಸೇರಿಸಿ ಹೇಳಿದ್ರು! ಅಳಿಯ ಹೇಗೆ ನೋಡ್ಕೊಳ್ತಾನೆ ಅಂತ ಕೇಳ್ತಿದಾರೆ..." ಇಲ್ಲಿ ಲಾ ಪಾಯಿಂಟ್ ಕಿವಿಯನ್ನು ಇನ್ನಷ್ಟು ಒತ್ತಿದರು.

"ಏನಂದ್ರು?" ಪಾರ್ಲರ್ ಅಕ್ಕ ಅವರ ಅಂಗಿ ಎಳೆದಳು.

"'ನನ್ನ ಹೊಟ್ಟೇಲಿ ಹುಟ್ಟಿದ್ರೂ ಇಷ್ಟು ನೋಡ್ಕೊಳ್ತಿರ್ಲಿಲ್ಲ, ಆದ್ರೆ ಇದನ್ನ ಅವನಿಗೆ ಹೇಳ್ಬೇಡಿ, ತಲೆ ಮೇಲೆ ಕೂರ್ತಾನೆ' ಅಂದ್ರು."

ರಿಪೇರಿ ತನ್ನ ಪಾದವನ್ನು ಬಹಳ ಹೊತ್ತು ನೋಡಿಕೊಂಡ. ಪಡಸಾಲೆಯಲ್ಲಿ ಜನ ಬರುತ್ತ ಹೋಗುತ್ತ ಇದ್ದರು. ಹೆಂಗಸೊಬ್ಬಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದುಡುದುಡು ಮೆಟ್ಟಿಲಿಳಿದಳು. ಹಿಂದಿನಿಂದ ನೋಡಿದರೆ ಅದೇ ನಡಿಗೆ. ಹೀಗೆ ಹಿಂದಿನಿಂದ ಅವಳಾಗುವ ಹೆಂಗಸರು ಪೇಟೆಯಲ್ಲಿ ಬಹಳ ಜನ ಇದ್ದರು. ಮುಂದಿನಿಂದ ಒಬ್ಬಳೂ ಆಗುತ್ತಿರಲಿಲ್ಲ. ಅದಕ್ಕೇ ಅವನು ಯಾರನ್ನೂ ದಾಟಿ ಮುಂದೆ ಹೋಗುತ್ತಿರಲಿಲ್ಲ. ಸೈಕಲ್ಲನ್ನೂ ಹಿಂದೆ ಹಿಂದೆಯೇ ತುಳಿಯುತ್ತಿದ್ದ.

"ಪಾಸು!" ಎಂದು ಲಾ ಪಾಯಿಂಟ್ ಗೋಡೆ ಬಿಟ್ಟು ಕುಣಿದರು. "ಡಾಕ್ಟರು ಸರ್ಟಿಫಿಕೇಟ್ ಬರೀತಿದಾರೆ. ಬುದ್ಧಿ ಸಂಪೂರ್ಣ ಸ್ತಿಮಿತ!"

ಎಲ್ಲರನ್ನೂ ಒಳಗೆ ಕರೆದರು. ಅಧಿಕಾರಿ ಪೆನ್ನು ತೆರೆದು, ಮೂಗೊರೆಸಿಕೊಂಡು, "ಇನ್ನೊಂದೇ ವಿಷಯ. ಮಗಳ ಗಂಡ ಅಂತ ಬರೆಸಿದೀರಿ. ಮಗಳಿದ್ರೆ ಅವರಿಗೆ ತಿಳಿಸ್ಬೇಕು, ಅವರ ಒಪ್ಪಿಗೆ ಬೇಕು. ಇಲ್ಲದಿದ್ರೆ ಮರಣಪತ್ರ ಕೊಡಿ" ಎಂದರು.

ಲಾ ಪಾಯಿಂಟ್ ರಿಪೇರಿಯ ಕಿವಿಗೆ ಬಗ್ಗಿ, "ತಂದಿದೀಯ ತಾನೆ? ಬೀದೀಲಿ ಸಿಕ್ಕಾಗೆಲ್ಲ ಸಾರಿ ಸಾರಿ ಹೇಳಿದ್ದೆನಲ್ಲೋ!" ಎಂದರು. ರಿಪೇರಿ ಇಲ್ಲವೆಂದು ತಲೆಯಾಡಿಸಿದ. ಆ ಪತ್ರ ಕೊಡುವ ಕಿಟಕಿಯ ತನಕ ಎಷ್ಟೋ ಸಲ ಹೋಗಿದ್ದ. ಸಾಲಿನಲ್ಲಿ ನಿಂತಿದ್ದ. ತನ್ನ ಸರದಿ ಬಂದಾಗ ಹಿಂದಿನವರಿಗೆ ದಾರಿ ಬಿಟ್ಟು ಮನೆಗೆ ಬಂದಿದ್ದ.

ಅಧಿಕಾರಿ ಒಳ್ಳೆಯವರು. ಗಂಡನ ಮುಖವನ್ನೂ ತಾಯಿಯ ಮುಖವನ್ನೂ ನೋಡಿದರು. "ಪತ್ರ ಇಲ್ದಿದ್ರೂ ಪರವಾಗಿಲ್ಲ. ಮನೆಯವರಿಬ್ಬರೂ ಪ್ರಮಾಣ ಮಾಡಿ ಬಾಯಲ್ಲಿ ಹೇಳಿ, ನಾನು ಬರ್ಕೊಳ್ತೀನಿ. ಅಮ್ಮಾ, ಮಗಳು?"

ಅತ್ತೆ ರಿಪೇರಿಯನ್ನು ನೋಡಿದರು. ಕಿಟಕಿಯನ್ನು ನೋಡಿದರು. ಅಲ್ಲಿ ತಮ್ಮ ಮನೆಯ ಬಾಗಿಲಿರಲಿಲ್ಲ. ಕಿವಿಯ ಪಕ್ಕದಲ್ಲಿ ಕಪ್ಪು ಬಣ್ಣ ಬೆವರಿಗೆ ಇಳಿಯುತ್ತಿತ್ತು. ಕೋಲನ್ನು ನೆಲಕ್ಕೆ ಊರಿ, ತುಂಬ ಸ್ಪಷ್ಟವಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ತೀರ್ಕೊಂಡ್ಳು. ನಾಲ್ಕು ವರ್ಷ ಆಯ್ತು. ನಾನೇ ಬಾಯಿಗೆ ನೀರು ಬಿಟ್ಟೆ."

ಪಾರ್ಲರ್ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಿಪೇರಿಗೆ ಯಾರೋ ತನ್ನ ಎದುರಿಗೇ ತನ್ನ ಮನೆಯ ದೀಪ ಆರಿಸಿದಂತಾಯಿತು. ಅತ್ತೆ ಅದನ್ನು ಆಡಿದ್ದು ಯಾರಿಗಾಗಿ ಎಂಬುದೂ ತಿಳಿಯಿತು. ಇನ್ನು ತಾನೂ ಹೇಳಬೇಕು. ಒಂದು ಮಾತು. ಹೇಳಿದರೆ ಅತ್ತೆ ತನ್ನವರು. ಅಕ್ಕನ ಮಗ ಎಷ್ಟು ಬೇಕಾದರೂ ಫೋನು ಮಾಡಿಕೊಳ್ಳಲಿ.

"ಈಗ ನೀವು ಹೇಳಿ. ನಿಮ್ಮ ಹೆಂಡತಿ?" ಎಂದರು ಅಧಿಕಾರಿ.

ರಿಪೇರಿ ಬಾಯಿ ತೆರೆದ. ಲಾ ಪಾಯಿಂಟ್ ಅವನ ಜೊತೆಗೇ ಬಾಯಿ ತೆರೆದು, ಸದ್ದಿಲ್ಲದೆ ತುಟಿಯಾಡಿಸಿ ಹೇಳಿಕೊಟ್ಟರು. ಪಾರ್ಲರ್ ಅಕ್ಕ ಕಣ್ಣು ಮುಚ್ಚಿಕೊಂಡು ತಲೆಯಾಡಿಸಿ ಹುರಿದುಂಬಿಸಿದಳು. ಮಷೀನಿನ ತಟ್ಟೆಯ ಕೆಳಗೆ ದಾರ ಗಂಟಾದರೆ ಸೂಜಿ ಹೇಗೆ ಮೇಲೂ ಬರದೆ ಕೆಳಗೂ ಇಳಿಯದೆ ನಿಂತುಬಿಡುತ್ತದೋ, ಆ ಮಾತು ಹಾಗೆ ನಿಂತಿತು. ಅಂಥ ಮಷೀನುಗಳನ್ನು ಎಷ್ಟು ಬಿಡಿಸಿದ್ದ ಅವನು! ಇದು ಬಿಡಲಿಲ್ಲ. ಕೊನೆಗೆ ಹೊರಬಿದ್ದದ್ದು ಇದು:

"ಹೊರಗೆ ಹೋಗಿದಾಳೆ ಮೇಡಂ."

ಅಧಿಕಾರಿ ಕರವಸ್ತ್ರ ಕೆಳಗಿಟ್ಟರು. "ಎಲ್ಲಿಗೆ?"

"ಎಲ್ಲಿಗೆ ಅಂತ ಹೇಳ್ಲಿಲ್ಲ. ಆಪರೇಷನ್ ಕೋಣೆಗೆ ಕರ್ಕೊಂಡು ಹೋಗೋವಾಗ 'ಬರ್ತೀನಿ' ಅಂತ ಹೇಳಿ ಹೋದ್ಲು." ಅವಳ ಮಾನದ ಪ್ರಶ್ನೆ ಎಂಬಂತೆ ಅವನು ಸೇರಿಸಿದ. "ಅವಳು ಆಡಿದ ಮಾತಿಗೆ ತಪ್ಪೋಳಲ್ಲ."

"ಅಯ್ಯೋ ರಾಮ!" ಎಂದು ಲಾ ಪಾಯಿಂಟ್ ಕುರ್ಚಿಯಲ್ಲಿ ಕುಸಿದರು. "ಮೇಡಂ, ಸಾಕ್ಷಿ ಸ್ವಲ್ಪ ಗಾಬರಿಯಾಗಿದಾನೆ, ಮತ್ತೊಂದ್ಸಲ ಕೇಳಿ!"

ಅಧಿಕಾರಿ ಮತ್ತೊಂದು ಸಲ ಕೇಳಿದರು. ಅವಳು ಮತ್ತೊಂದು ಸಲ ಹೊರಗೆ ಹೋಗಿದ್ದಳು.

"ತಾಯಿ ತೀರ್ಕೊಂಡ್ಳು ಅಂತಾರೆ, ಗಂಡ ಬರ್ತಾಳೆ ಅಂತಾನೆ. ಇಬ್ಬರಲ್ಲಿ ಒಬ್ಬರ ಬುದ್ಧಿ ಸರಿಯಿಲ್ಲ ಅಂತಾಯ್ತು. ಇನ್ನೊಬ್ಬರ ಹೊಣೆ ಹೊರೋರ ಬುದ್ಧಿ ಗಟ್ಟಿಯಿರ್ಬೇಕು. ಡಾಕ್ಟರ್, ಇವರನ್ನೂ ಒಂದು ಸಲ ನೋಡಿಬಿಡಿ" ಎಂದರು ಅಧಿಕಾರಿ.

ಡಾಕ್ಟರು ಕುರ್ಚಿ ತಿರುಗಿಸಿಕೊಂಡು ಮೃದುವಾಗಿ ಕೇಳಿದರು. "ಇವತ್ತು ಯಾವ ವಾರ?"

"ನೀಲಿ ಮಾತ್ರೆ ವಾರ."

"ಗುರುವಾರ!" ಎಂದು ಅತ್ತೆ ಪಿಸುಗುಟ್ಟಿದರು.

"ಹೇಳ್ಕೊಡ್ಬೇಡಿ ಅಮ್ಮಾ. ಯಾವ ತಿಂಗಳು?"

"ಅತ್ತೆ ಕಣ್ಣಿನ ಚೆಕಪ್ಪಿನ ಹಿಂದಿನ ತಿಂಗಳು."

"ನಿಮಗೆ ಸಕ್ಕರೆ ಕಾಯಿಲೆ ಇದೆಯಾ?"

"ಊಟಕ್ಕೆ ಮುಂಚೆ ಸರಿಯಿದೆ, ಊಟ ಆದ್ಮೇಲೆ ಜಾಸ್ತಿ."

"ಅದು ನನ್ನದು!" ಎಂದರು ಅತ್ತೆ.

"ರಾತ್ರಿ ನಿದ್ದೆ ಬರುತ್ತಾ?"

"ಎರಡು ಸಲ ಏಳ್ತೀವಿ."

"ಏಳ್ತೀವಿ ಅಂದ್ರೆ? ಯಾರು?"

"ನಾವು."

"ನಿಮಗೆ ಏನಾದ್ರೂ ನೋವು ಗೀವು?"

"ಅತ್ತೆಗೆ ಬಲ ಮಂಡಿ."

"ನಾನು ಕೇಳ್ತಿರೋದು ನಿಮ್ಮ ವಿಷಯ."

ರಿಪೇರಿ ತಬ್ಬಿಬ್ಬಾದ. ತನ್ನ ವಿಷಯ ಎಂಬ ಒಂದು ವಿಷಯವಿದೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಒಳಗೆಲ್ಲ ಹುಡುಕಿದ. ಎಲ್ಲಿ ಕೈಯಿಟ್ಟರೂ ಅತ್ತೆಯ ಮಂಡಿ, ಅತ್ತೆಯ ಕಣ್ಣು, ಅತ್ತೆಯ ಮಾತ್ರೆ. ಅದರ ಕೆಳಗೆ ಇನ್ನೊಂದು ಇತ್ತು. ಅದಕ್ಕೆ ಡಾಕ್ಟರ ಹತ್ತಿರ ಹೆಸರಿರಲಿಲ್ಲ. "ಕೇಳಿಲ್ಲ ಯಾರೂ" ಎಂದ.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಇವರು ಬಹಳ ದಣಿದಿದಾರೆ ಮೇಡಂ. ದುಃಖ ಇನ್ನೂ ಇಳಿದಿಲ್ಲ. ಸದ್ಯಕ್ಕೆ ಬೇರೆಯವರ ಹೊಣೆ ಹೊರೋ ಸ್ಥಿತೀಲಿಲ್ಲ. ನಿಜ ಹೇಳ್ಬೇಕು ಅಂದ್ರೆ ಇವರನ್ನೇ ಯಾರಾದ್ರೂ ನೋಡ್ಕೊಳ್ಬೇಕು."

"ಅದಕ್ಕೇನಂತೆ, ನಾನಿಲ್ವಾ?" ಎಂದರು ಅತ್ತೆ.

ಎಲ್ಲರೂ ಅವರತ್ತ ತಿರುಗಿದರು.

"ನನ್ನನ್ನ ಅವನಿಗೆ ಒಪ್ಪಿಸೋಕೆ ಆಗಲ್ಲ ಅಂದ್ರೆ ಅವನನ್ನ ನನಗೆ ಒಪ್ಪಿಸಿ. ಕೂದಲಿಗೆ ಬಣ್ಣ ಹಚ್ಕೊಂಡು ಇಷ್ಟು ದೂರ ಬಂದು ಬರಿಗೈಲಿ ಹೋಗೋಳಲ್ಲ ನಾನು. ನನ್ನ ಬುದ್ಧಿ ಸರಿಯಿದೆ ಅಂತ ಈಗ ತಾನೆ ನೀವೇ ಬರ್ದಿದೀರಿ, ಶಾಯಿ ಕೂಡ ಆರಿಲ್ಲ."

ಲಾ ಪಾಯಿಂಟ್ ದಿಗ್ಗನೆದ್ದರು. ಬಹಳ ಕಾಲದಿಂದ ಕಾದಿದ್ದ ಗಳಿಗೆ ಬಂದಿತ್ತು. "ಕಾನೂನಿನಲ್ಲಿ ಅವಕಾಶ ಇದೆ ಮೇಡಂ! ತಾತ್ಕಾಲಿಕ ಪಾಲಕರು! ಒಂದೇ ಮನೆಯ ಹಿರಿಯರು ಆಗಿರ್ಬೇಕು, ವೈದ್ಯರ ಅಭಿಪ್ರಾಯ ಇರ್ಬೇಕು, ಇಬ್ಬರು ಸಾಕ್ಷಿ ಇರ್ಬೇಕು. ಎಲ್ಲಾ ಇದೆ!"

"ನೀವು ಯಾರ ಕಡೆ?" ಎಂದು ರಿಪೇರಿ ಆರ್ತನಾಗಿ ಕೇಳಿದ.

"ನಾನು ಕಾನೂನಿನ ಕಡೆ" ಎಂದರು ಲಾ ಪಾಯಿಂಟ್. ಸಾಕ್ಷಿಯ ಜಾಗದಲ್ಲಿ ಎಲ್ಲರಿಗಿಂತ ಮೊದಲು ಅವರ ಸಹಿಯೇ ಬಿತ್ತು.

ಅತ್ತೆ ಬಲಗೈಯಿಂದ, ಗುಂಡಿಗೆ ಕಾಜಾ ಹೊಲಿಯುವಷ್ಟು ನೀಟಾಗಿ, ಸಹಿ ಹಾಕಿದರು. ಅಧಿಕಾರಿ ಮೊಹರು ಒತ್ತಿ, ಸೀನಿ, ರಿಪೇರಿಗೆ ತಿಳಿಸಿ ಹೇಳಿದರು. ಇನ್ನು ಮೂರು ತಿಂಗಳು ಆಸ್ಪತ್ರೆ, ಬ್ಯಾಂಕು, ಏನೇ ಇರಲಿ, ರಿಪೇರಿಯ ಪರವಾಗಿ ಅತ್ತೆಯ ಸಹಿ. ಪಾಲಕರ ಒಪ್ಪಿಗೆಯಿಲ್ಲದೆ ಅವನು ಯಾರ ಹೊಣೆಯನ್ನೂ ಹೊರುವಂತಿಲ್ಲ.

"ಅತ್ತೆಗೆ ಏನಾದ್ರೂ ಆದ್ರೆ?" ಎಂದ ರಿಪೇರಿ.

"ಮೊದಲಿದ್ದ ಹಾಗೇನೇ. ರಕ್ತಸಂಬಂಧಿ ಅಕ್ಕನ ಮಗ ಇದಾರಲ್ಲ, ಆಸ್ಪತ್ರೆಯವರು ಅವರನ್ನ ಕೇಳ್ತಾರೆ. ಮೂರು ತಿಂಗಳು ಬಿಟ್ಟು ಬನ್ನಿ. ಆಗ ಆ ಒಂದು ಮಾತು ಹೇಳೋಕಾದ್ರೆ ನಿಮ್ಮ ಹೆಸರಿಗೆ ಮಾಡ್ಕೊಡ್ತೀನಿ" ಎಂದರು ಅಧಿಕಾರಿ. ಅವರ ಕಣ್ಣಲ್ಲೂ ನೀರಿತ್ತು. ನೆಗಡಿಯೂ ಇತ್ತು, ನೀರು ಯಾವುದರದ್ದೋ.

ಅದೇ ಗಾಲಿಕುರ್ಚಿಯಲ್ಲಿ ರಿಪೇರಿಯನ್ನು ಕೆಳಗಿಳಿಸಿದರು. ಲಾ ಪಾಯಿಂಟ್ ಮೆಟ್ಟಿಲುದ್ದಕ್ಕೂ, "ಏನೇ ಹೇಳು, ಒಂದೇ ಗುರುವಾರದಲ್ಲಿ ಇಷ್ಟು ಅಚ್ಚುಕಟ್ಟಾಗಿ ಕೆಲಸ ಆಗೋದು ಅಪರೂಪ" ಎಂದು ಹೇಳುತ್ತಲೇ ಇದ್ದರು. ಪಾರ್ಲರ್ ಅಕ್ಕ ಅವರನ್ನು ದರದರನೆ ಎಳೆದುಕೊಂಡು ಬಸ್ಸಿಗೆ ಹೋದಳು. ಆಟೋದಲ್ಲಿ ಉಳಿದವರು ಇಬ್ಬರೇ.

"ಕಾಲು ಈ ಕಡೆ ಚಾಚು" ಎಂದರು ಅತ್ತೆ.

"ಬೇಡ ಬಿಡಿ."

"ಬೇಡ ಅನ್ನೋ ಹಾಗಿಲ್ಲ ನೀನು. ಸರ್ಕಾರ ನನ್ನ ಮಾತು ಕೇಳು ಅಂದಿದೆ."

"ಇಷ್ಟು ವರ್ಷ ಇನ್ಯಾರ ಮಾತು ಕೇಳ್ತಿದ್ದೆ?"

ಅವನು ಕಾಲು ಚಾಚಿದ. ಅತ್ತೆ ಅದನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಉಳುಕಿದ ಜಾಗವನ್ನು ಹೆಬ್ಬೆರಳಿನಿಂದ ನೀವತೊಡಗಿದರು. ಅಂಗಡಿಗಳು ಹಿಂದೆ ಸರಿದವು. ಎರಡು ಬೀದಿ ಕಳೆಯಿತು. ಅವರ ಬೆರಳು ಒಮ್ಮೆಲೆ ನಿಂತಿತು.

"ಏನೋ."

"ಏನತ್ತೆ?"

"ನಾನು ಅಲ್ಲಿ ಒಂದು ಮಾತಂದೆನಲ್ಲ."

"ಹ್ಞೂಂ."

"ಬೇರೆ ದಾರಿ ಇರ್ಲಿಲ್ಲ ಕಣೋ. ನಿನ್ನ ಕೆಲಸ ಆಗ್ಲಿ ಅಂತ ಅಂದೆ." ಬುದ್ಧಿ ಸಂಪೂರ್ಣ ಸ್ತಿಮಿತದಲ್ಲಿದೆ ಎಂದು ಸರ್ಕಾರವೇ ಬರೆದುಕೊಟ್ಟಿದ್ದ ಆ ಹೆಂಗಸು, ಆಟೋದವನಿಗೆ ಕೇಳದ ಹಾಗೆ ದನಿ ತಗ್ಗಿಸಿದರು. "ಅವಳಿಗೆ ಹೇಳ್ಬೇಡ. ಬೇಜಾರು ಮಾಡ್ಕೊಳ್ತಾಳೆ."

"ಇಲ್ಲ ಅತ್ತೆ, ನಾನ್ಯಾಕೆ ಹೇಳ್ಲಿ?" ಎಂದ ರಿಪೇರಿ.